ಎಡಭುಜದ ಹೂವು

“ಗುರುಗಳೇ, ಮಠದ ದೀಪಕ್ಕೆ ಎಣ್ಣೆ ತರುತ್ತಿದ್ದ ಮಗುವೊಂದು ದಾರಿಯಲ್ಲಿ ಸಿಡಿಲು ಬಡಿದು ಸತ್ತರೆ, ಅದನ್ನು ದೇವರ ಇಚ್ಛೆ ಎಂದು ಹೇಳುವುದು ತಪ್ಪೇ?”

ಕೇಳಿದವನು ಶಿಷ್ಯ ರೇವಣಯ್ಯ. ಹನ್ನೆರಡು ವರ್ಷ ಮಠದಲ್ಲಿ ಶಾಸ್ತ್ರ ಓದಿದವನು. ಮುಂದೆ ಪೀಠಕ್ಕೆ ಬರುವವನು ಇವನೇ ಎಂದು ಊರವರು ಅವನನ್ನು ಮರಿದೇವರು ಎಂದೇ ಕರೆಯುತ್ತಿದ್ದರು. ಗುರು ಕರಿಬಸವಯ್ಯನವರು ಐದು ದಿನ ಪರ ಊರಿಗೆ ಹೋಗಿದ್ದರು. ಆಗಷ್ಟೇ ಹಿಂದಿರುಗಿ ಮಠದ ಮೆಟ್ಟಿಲ ಬಳಿ ಕಾಲು ತೊಳೆಯುತ್ತಿದ್ದರು. ಪ್ರಶ್ನೆ ಕೇಳಿ ಚೊಂಬನ್ನು ಕೆಳಗಿಟ್ಟರು.

“ಯಾವ ಮಗು?” ಎಂದರು.

“ಗಾಣದ ತಿಪ್ಪಣ್ಣನ ಮಗಳು ಸಾತವ್ವ. ಮೊನ್ನೆ ಮಧ್ಯಾಹ್ನ. ಮಳೆಯೂ ಇರಲಿಲ್ಲ. ಒಂದೇ ಒಂದು ಸಿಡಿಲು.”

ಗುರುಗಳು ಒದ್ದೆ ಕಾಲಿನಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಪ್ರತಿ ಸೋಮವಾರ ಆ ಮಗುವಿನ ಕೈಯಿಂದ ಎಣ್ಣೆಯ ಗಿಂಡಿ ಇಸಿದುಕೊಳ್ಳುತ್ತಿದ್ದವರು ಅವರೇ. ರೇವಣಯ್ಯನೇ ಮುಂದುವರಿಸಿದ.

“ನಿನ್ನೆ ನಾನು ಅವರ ಮನೆಗೆ ಹೋಗಿದ್ದೆ. ತಂದೆಗೆ ಸಮಾಧಾನ ಹೇಳಿದೆ. ಆಗುವುದೆಲ್ಲ ಅವನ ಇಚ್ಛೆಯಿಂದಲೇ ಆಗುತ್ತದೆ ಎಂದೆ. ದೇವರ ಕೆಲಸದಲ್ಲಿರುವಾಗಲೇ ಬಂದ ಸಾವು ಯೋಗಿಗಳಿಗೂ ಸಿಗುವುದಿಲ್ಲ ಎಂದೆ. ಹಿಂದಿನ ಜನ್ಮದ್ದು ಏನು ಉಳಿದಿತ್ತೋ ಅದು ಒಂದೇ ಗಳಿಗೆಯಲ್ಲಿ ತೀರಿತು, ಅಳಬಾರದು ಎಂದೆ. ಕೂತವರೆಲ್ಲ ತಲೆದೂಗಿದರು. ಆದರೆ ತಿಪ್ಪಣ್ಣ ಎದ್ದು ನಿಂತು ನನ್ನನ್ನೇ ನೋಡಿದ. ‘ಮರಿದೇವ್ರೇ, ನಿಮ್ಮ ಗುರುಗಳೂ ಹಿಂಗೇ ಅಂತಾರಾ? ಕೇಳ್ಕಂಡು ಬನ್ನಿ. ಅವರೂ ಹೌದು ಅಂದ್ರೆ ಈ ಮನೆಯಾಗೆ ಇನ್ನು ದೇವರ ಹೆಸರು ಎತ್ತಲ್ಲ’ ಎಂದ. ಈ ಸಂಜೆ ನಾನು ಹೋಗಿ ಉತ್ತರ ಹೇಳಬೇಕು. ಶಾಸ್ತ್ರದಲ್ಲಿ ಇರುವುದನ್ನೇ ಹೇಳಿದೆ, ಗುರುಗಳೇ. ನಾನು ಎಲ್ಲಿ ತಪ್ಪಿದೆ?”

“ಎಷ್ಟು ಹೊತ್ತು ಹೇಳಿದೆ?”

“ಎರಡು ಗಳಿಗೆ ಆಗಿರಬಹುದು.”

“ಸಿಡಿಲಿಗೂ ಅಷ್ಟು ಹೊತ್ತು ಬೇಕಾಗಲಿಲ್ಲ” ಎಂದರು ಗುರುಗಳು. “ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಒಂದು ದೊಡ್ಡ ಹೊಳೆ ಇತ್ತು. ಈಚೆ ದಡದಲ್ಲಿ ಒಂದು ಊರು. ಆ ಊರಿನವರಿಗೆ ಬೇಕಾದದ್ದೆಲ್ಲ ಆಚೆ ದಡದಲ್ಲಿತ್ತು. ಸಂತೆ ಆಚೆ, ವೈದ್ಯ ಆಚೆ, ಹಾವಿನ ವಿಷಕ್ಕೆ ಮದ್ದು ಕೊಡುವವನು ಆಚೆ. ಈಚೆ ಇದ್ದದ್ದು ವೀರಭದ್ರನ ಗುಡಿ ಒಂದೇ. ಹಾಗಾಗಿ ಬದುಕಲು ಆಚೆ ಹೋಗಬೇಕು, ಹೋಗಲೋ ಬೇಡವೋ ಎಂದು ಕೇಳಲು ಗುಡಿಗೆ ಬರಬೇಕು.

ಅದು ಆ ಊರಿನ ಕಟ್ಟಳೆ. ಮಳೆಗಾಲದ ನಾಲ್ಕು ತಿಂಗಳು ದೇವರ ಹೂವು ಕೇಳದೆ ಅಂಬಿಗ ದೋಣಿ ಬಿಡುತ್ತಿರಲಿಲ್ಲ. ಪೂಜಾರಿ ವಿಗ್ರಹದ ಎರಡು ಭುಜಕ್ಕೂ ನೀರು ಹಚ್ಚುತ್ತಿದ್ದ. ಎರಡು ಕಡೆಯೂ ಒಂದೊಂದು ಕಣಗಿಲೆ ಹೂವು ಅಂಟಿಸುತ್ತಿದ್ದ. ಕೇಳುವವರು ಹೊಸ್ತಿಲ ಆಚೆ ಕೈಮುಗಿದು ನಿಲ್ಲುತ್ತಿದ್ದರು. ಬಲಭುಜದ ಹೂವು ಮೊದಲು ಬಿದ್ದರೆ ಹೋಗಬಹುದು. ಎಡಭುಜದ್ದು ಬಿದ್ದರೆ ಹೋಗಬಾರದು. ಅದಕ್ಕೆ ಎದುರು ಮಾತಿಲ್ಲ.

ಹಳೆಯ ಪೂಜಾರಿ ತೀರಿಕೊಂಡ ಮೇಲೆ ಅವನ ಮಗ ಗರ್ಭಗುಡಿಗೆ ಬಂದ. ಇವನು ಓದಿದವನು. ದೊಡ್ಡ ಪಾಠಶಾಲೆಯಲ್ಲಿ ಎಂಟು ವರ್ಷ ಇದ್ದು ಬಂದವನು. ಆದರೂ ಮೊದಲ ವರ್ಷ ಅಪ್ಪ ಕಲಿಸಿದಂತೆಯೇ ನಡೆದುಕೊಂಡ. ಎರಡು ಭುಜಕ್ಕೂ ಸಮನಾಗಿ ನೀರು, ಎರಡು ಹೂವಿಗೂ ಸಮನಾದ ಒತ್ತು. ಒಂದು ದಿನ ಬಲಭುಜದ ಹೂವು ಬಿತ್ತು. ದೋಣಿ ಹೋಯಿತು. ನಡುಹೊಳೆಯಲ್ಲಿ ಮಗುಚಿ ಮೂವರು ಹೋದರು. ಹೊಳೆಯ ನೀರು ಕೆಂಪಾಗಿ ಏರುತ್ತಿರುವುದನ್ನು ಆ ಬೆಳಿಗ್ಗೆ ಪೂಜಾರಿ ಕಣ್ಣಾರೆ ನೋಡಿದ್ದ. ದೇವರು ಹೇಳಿದ ಮೇಲೆ ನನ್ನ ಕಣ್ಣಿನದೇನು ಎಂದು ಸುಮ್ಮನಿದ್ದ. ಮೂರು ಹೆಣ ದಡಕ್ಕೆ ಬಂದಾಗ ಅವನ ಎದೆ ಒಡೆದುಹೋಯಿತು.

ಅಂದಿನಿಂದ ಅವನು ಬೇರೆಯೇ ಕ್ರಮ ಹಿಡಿದ. ಬೆಳಗಾಗುತ್ತಲೇ ಹೊಳೆಗೆ ಇಳಿಯುತ್ತಿದ್ದ. ಎಷ್ಟು ಮೆಟ್ಟಿಲು ಮುಳುಗಿವೆ ಎಂದು ನೋಡುತ್ತಿದ್ದ. ನೀರಿನ ಬಣ್ಣ, ನೊರೆ, ತೇಲಿ ಬರುವ ಕಡ್ಡಿಕಸ, ಮೇಲಿನ ಗುಡ್ಡಗಳ ಮೇಲಿನ ಮೋಡ, ಎಲ್ಲವನ್ನೂ ನೋಡಿ ಹೋಗಬಹುದೋ ಬಾರದೋ ಎಂದು ತಾನೇ ತೀರ್ಮಾನಿಸುತ್ತಿದ್ದ. ಆಮೇಲೆ ಗುಡಿಗೆ ಬಂದು ಹೂವು ಇಡುತ್ತಿದ್ದ. ಯಾವ ಹೂವು ಬೀಳಬೇಕೋ ಆ ಭುಜಕ್ಕೆ ನೀರು ಸುರಿದು, ಹೂವಿನ ಅಂಚನ್ನು ಮಾತ್ರ ತಾಗಿಸುತ್ತಿದ್ದ. ಯಾವುದು ಬೀಳಬಾರದೋ ಆ ಭುಜವನ್ನು ವಸ್ತ್ರದ ತುದಿಯಿಂದ ಒರೆಸಿ, ಗಟ್ಟಿ ಗಂಧ ಮೆತ್ತಿ, ಹೂವನ್ನು ಒತ್ತುತ್ತಿದ್ದ. ಹಾಗೆ ಒತ್ತಿದ ಹೂವು ಮರುದಿನದ ಅಭಿಷೇಕದವರೆಗೂ ಅಲ್ಲಾಡುತ್ತಿರಲಿಲ್ಲ. ಹೊರಗೆ ನಿಂತವರಿಗೆ ಕಾಣುತ್ತಿದ್ದದ್ದು ಅವನ ಬೆನ್ನು ಮಾತ್ರ.

ಮುಖ ಸಿಂಡರಿಸಬೇಡ, ರೇವಣಾ. ನೀನು ಆಗಲೇ ಅವನನ್ನು ಕಳ್ಳ ಎಂದುಕೊಂಡೆ. ಅವನು ಕಳ್ಳನಲ್ಲ. ಯಾರಿಂದಲೂ ಹೆಚ್ಚಿಗೆ ಒಂದು ತೆಂಗಿನಕಾಯಿ ತೆಗೆದುಕೊಂಡವನಲ್ಲ. ಮೂವತ್ತು ವರ್ಷ ಆ ದಡದಿಂದ ಹೋದ ಒಬ್ಬನೇ ಒಬ್ಬನೂ ಹೊಳೆಪಾಲಾಗಲಿಲ್ಲ. ನಮ್ಮ ವೀರಭದ್ರ ಸುಳ್ಳು ಹೇಳುವ ದೇವರಲ್ಲ ಎಂದು ಊರು ಬೀಗುತ್ತಿತ್ತು. ಆ ಮಾತು ಕೇಳಿದಾಗಲೆಲ್ಲ ಪೂಜಾರಿಗೆ ಒಳಗೊಳಗೇ ಸಂತೋಷವಾಗುತ್ತಿತ್ತು.

ಅಳುಕು ಇರಲಿಲ್ಲವೇ ಎಂದರೆ, ಮೊದಮೊದಲು ಇತ್ತು. ಆದರೆ ಶಾಸ್ತ್ರ ಓದಿದವನಿಗೆ ತನಗೆ ಬೇಕಾದ ಮಾತೊಂದು ಶಾಸ್ತ್ರದಲ್ಲಿ ಸಿಗದೇ ಇರುತ್ತದೆಯೇ? ಮನುಷ್ಯನ ಬುದ್ಧಿಯೂ ದೇವರದೇ ಎಂಬ ಮಾತು ಅವನಿಗೆ ಸಿಕ್ಕಿತು. ಬುದ್ಧಿ ದೇವರದಾದರೆ ಬುದ್ಧಿ ಇಟ್ಟ ಹೂವೂ ದೇವರದೇ. ಲೆಕ್ಕ ಸರಿಹೋಯಿತು. ಅವನು ನೆಮ್ಮದಿಯಾಗಿ ನಿದ್ದೆ ಮಾಡಿದ.

ಆ ಊರಲ್ಲಿ ಒಬ್ಬ ಹೂವಾಡಗಿತ್ತಿ ಇದ್ದಳು. ಗಂಡ ಇಲ್ಲದವಳು. ಗುಡಿಯ ಹೂವೆಲ್ಲ ಅವಳ ಹಿತ್ತಿಲಿನದೇ. ಅವಳಿಗೆ ಒಬ್ಬಳೇ ಮಗಳು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಶುರುವಾಗಿ ಎರಡು ದಿನ ಕಳೆದರೂ ಹೆರಿಗೆ ಆಗಲಿಲ್ಲ. ಈಚೆ ದಡದಲ್ಲಿ ಹೆರಿಗೆ ಮಾಡಿಸುತ್ತಿದ್ದ ಮುದುಕಿ, ಇದು ನನ್ನ ಕೈಲಾಗದ್ದು, ಆಚೆಯ ಸೂಲಗಿತ್ತಿಯನ್ನು ಕರೆಸು, ಮಧ್ಯಾಹ್ನದೊಳಗೆ ಅವಳು ಬಂದರೆ ಎರಡು ಜೀವ ಉಳಿದಾವು ಎಂದಳು. ಹೂವಾಡಗಿತ್ತಿ ಅಂಬಿಗನ ಕೈಹಿಡಿದು ಎಳೆದುಕೊಂಡೇ ಗುಡಿಗೆ ಓಡಿಬಂದಳು.

ಪೂಜಾರಿ ಆ ಬೆಳಿಗ್ಗೆಯೂ ಹೊಳೆ ನೋಡಿಬಂದಿದ್ದ. ಮಳೆ ನಿಂತು ಎಂಟು ದಿನವಾಗಿತ್ತು. ನೀರು ತಿಳಿಯಾಗಿತ್ತು. ಮುಳುಗಿದ್ದ ಮೆಟ್ಟಿಲುಗಳು ಎದ್ದಿದ್ದವು. ಯೋಚನೆ ಮಾಡುವಂಥದ್ದೇ ಇರಲಿಲ್ಲ. ದೋಣಿ ಹೋಗಬೇಕು, ಸೂಲಗಿತ್ತಿ ಬರಬೇಕು. ಅವನು ಬಲಭುಜಕ್ಕೆ ಧಾರಾಳ ನೀರು ಸುರಿದ. ಹೂವನ್ನು ಬೆರಳ ತುದಿಯಿಂದ ತಾಗಿಸಿ ಬಿಟ್ಟ. ಎಡಭುಜವನ್ನು ಒರೆಸಿದ. ಗಂಧ ಮೆತ್ತಿದ. ಹೂವನ್ನು ಹೆಬ್ಬೆರಳಿನಿಂದ ಒತ್ತಿದ. ಆಮೇಲೆ ಕೈಮುಗಿದು, ತಂದೇ ಅಪ್ಪಣೆ ಕೊಡು ಎಂದು ಗಟ್ಟಿಯಾಗಿ ಕೇಳಿದ.

ಎಡಭುಜದ ಹೂವು ಬಿತ್ತು.

ಬಿತ್ತು ಎಂದರೆ ಜಾರಿ ಬೀಳಲಿಲ್ಲ. ಮೆತ್ತಿದ ಗಂಧದ ಸಮೇತ ಕಿತ್ತುಕೊಂಡು ಪೀಠದ ಮೇಲೆ ಬಿತ್ತು. ಬಲಭುಜದ ಹೂವು ಸುರಿಯುವ ನೀರಿನಲ್ಲಿ ಹಾಗೇ ನಿಂತಿತ್ತು. ಪೂಜಾರಿ ಸುತ್ತ ನೋಡಿದ. ಗಾಳಿ ಇಲ್ಲ. ದೀಪದ ಕುಡಿ ನೆಟ್ಟಗೆ ಉರಿಯುತ್ತಿದೆ. ಹಲ್ಲಿ ಇಲ್ಲ, ಇಲಿ ಇಲ್ಲ. ಬಲಭುಜದ ಹೂವನ್ನು ಬೆರಳಿನಿಂದ ಮುಟ್ಟಿದ. ಮುಟ್ಟಿದರೂ ಅದು ಬೀಳಲಿಲ್ಲ. ಮೂವತ್ತು ವರ್ಷ ಈ ಗುಡಿಯಲ್ಲಿ ಮಾತಾಡಿದವನು ನಾನು, ಇಂದು ಅವನು ಮಾತಾಡಿದ ಎಂದು ಅವನಿಗೆ ಅನ್ನಿಸಿತು. ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಆನಂದವಾಯಿತು. ಇಷ್ಟು ವರ್ಷ ಕಲ್ಲಿಗೆ ಪೂಜೆ ಮಾಡಿದ್ದವನಿಗೆ ಕಲ್ಲಿನೊಳಗೆ ಯಾರೋ ಇದ್ದಾರೆಂದು ತಿಳಿದರೆ ಇನ್ನೇನಾದೀತು?

ಅವನು ಕಣ್ಣೀರು ಸುರಿಸುತ್ತ ಹೊರಗೆ ಬಂದ. “ಎಡಗಡೆ ಆಯಿತು. ದೋಣಿ ಬೇಡ” ಎಂದ.

ಹೂವಾಡಗಿತ್ತಿ ಹೊಳೆಯ ಕಡೆ ನೋಡಿದಳು. “ಅಯ್ನೋರೇ, ನೀರು ಸುಮ್ಕೆ ನಿಂತೈತಲ್ಲ. ಇನ್ನೊಂದ್ಸಲ ಕೇಳ್ರಿ. ಮಗಳು ಒದ್ದಾಡ್ತಾವಳೆ” ಎಂದಳು.

“ಇನ್ನೊಂದು ಸಲ ಕೇಳುವಂಥದ್ದಲ್ಲ, ತಾಯೀ. ಇವತ್ತು ಹೇಳಿದವನು ಸಾಕ್ಷಾತ್ ಅವನೇ” ಎಂದ ಪೂಜಾರಿ.

ಅವಳು ಅವನ ಮುಖದಲ್ಲಿದ್ದ ಬೆಳಕು ನೋಡಿದಳು. ಹೊಸ್ತಿಲಿಗೆ ಹಣೆ ಹಚ್ಚಿ ಮನೆಗೆ ಹೋದಳು.

ರೇವಣಯ್ಯ ಇಲ್ಲಿ ತಡೆಯಲಾರದೆ ಮುಂದೆ ಸರಿದ. ಅವನ ಮುಖ ಅರಳಿತ್ತು. “ಅಂದರೆ ಹೊಳೆಯಲ್ಲಿ ಮನುಷ್ಯನ ಕಣ್ಣಿಗೆ ಕಾಣದ ಅಪಾಯ ಇತ್ತು! ದೇವರು ಅದನ್ನು ತಪ್ಪಿಸಿದ. ಅಲ್ಲವೇ ಗುರುಗಳೇ?”

“ಬಾಯಿ ಹಾಕಬೇಡ ಎಂದಿದ್ದೆ” ಎಂದರು ಗುರುಗಳು. “ಆ ಹೊಳೆಯಲ್ಲಿ ಏನೂ ಇರಲಿಲ್ಲ.”

ಏನೂ ಇರಲಿಲ್ಲ. ಆ ದಿನವಿಡೀ ಒಂದು ಅಲೆ ಏಳಲಿಲ್ಲ. ಸಂಜೆ ಎಮ್ಮೆಗಳು ಆಚೆ ದಡದಿಂದ ಈಜಿಕೊಂಡು ಈಚೆಗೆ ಬಂದವು. ಕರುಗಳೂ ಬಂದವು. ಅವು ದಡ ಹತ್ತುವ ಹೊತ್ತಿಗೆ ಹೂವಾಡಗಿತ್ತಿಯ ಮನೆಯಲ್ಲಿ ಮಗಳು ತೀರಿಕೊಂಡಿದ್ದಳು. ಹೊಟ್ಟೆಯಲ್ಲಿದ್ದ ಮಗುವೂ ಹೋಗಿತ್ತು.

ಪೂಜಾರಿಗೆ ಸುದ್ದಿ ಮುಟ್ಟಿದಾಗ ಅವನು ಮಂಗಳಾರತಿಯ ತಟ್ಟೆ ಹಿಡಿದಿದ್ದ. ತಟ್ಟೆ ಕೈಜಾರಿ ಬಿತ್ತು. ಯಾವ ಕಡೆಗೆ ಬಿತ್ತು, ಯಾಕೆ ಬಿತ್ತು ಎಂದು ಯಾರೂ ಶಕುನ ನೋಡಲಿಲ್ಲ. ಎಲ್ಲರೂ ದಿಗ್ಭ್ರಮೆಯಲ್ಲಿದ್ದರು. ದೇವರ ಮಾತು ಕೇಳಿದವರ ಮನೆಯಲ್ಲಿ ಎರಡು ಸಾವು. ಇಂಥದ್ದನ್ನು ಆ ಊರು ಕಂಡಿರಲಿಲ್ಲ, ಕೇಳಿರಲಿಲ್ಲ.

ಅವನು ಮೂರು ದಿನ ಅನ್ನ ಮುಟ್ಟಲಿಲ್ಲ. ಈಚೆ ದಡದುದ್ದಕ್ಕೂ ನಡೆದು ತನ್ನ ಹಳೆಯ ಪಾಠಶಾಲೆಗೆ ಹೋದ. ಅಲ್ಲಿನ ಹಿರಿಯ ಪಂಡಿತನಿಗೆ ನಡೆದದ್ದೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ. ಪಂಡಿತ ಗಡ್ಡ ನೀವಿಕೊಂಡು ಯೋಚಿಸಿದ. ದೋಣಿ ಹೋಗಿದ್ದರೆ ಖಂಡಿತ ಮುಳುಗುತ್ತಿತ್ತು ಎಂದ. ಹೋಗದ ದೋಣಿ ಮುಳುಗುತ್ತಿತ್ತೆಂದು ನೋಡಿದವರು ಯಾರು ಎಂದು ಪೂಜಾರಿ ಕೇಳಿದ. ಪಂಡಿತ ಮತ್ತೆ ಯೋಚಿಸಿದ. ಹಾಗಾದರೆ ಇದು ನಿನಗೆ ಆದ ಶಿಕ್ಷೆ, ಮೂವತ್ತು ವರ್ಷ ದೇವರ ಹೆಸರಲ್ಲಿ ನೀನು ಹೂವು ಇಟ್ಟೆ, ಅದಕ್ಕೆ ಅವನು ನಿನ್ನ ಸೊಕ್ಕು ಮುರಿದ ಎಂದ.

“ಶಿಕ್ಷೆ ನನಗಾದರೆ ಸತ್ತವಳು ಅವಳೇಕೆ?” ಎಂದ ಪೂಜಾರಿ.

ಪಂಡಿತನ ಬಳಿ ಅದಕ್ಕೂ ಒಂದು ಉತ್ತರ ಇತ್ತು. ಓದಿದವರ ಬಳಿ ಉತ್ತರ ತೀರುವುದಿಲ್ಲ. ಪೂಜಾರಿ ಅದನ್ನು ಕೇಳಿಸಿಕೊಳ್ಳದೆ ಎದ್ದುಬಂದ.

ದಾರಿಯುದ್ದಕ್ಕೂ ಅವನಿಗೆ ಒಂದೇ ಯೋಚನೆ. ಆ ತಾಯಿಗೆ ನಿಜ ಹೇಳಿಬಿಡಬೇಕು. ನಾನು ಅವಳಿಗೆ ಮೋಸ ಮಾಡಲಿಲ್ಲ ಎಂದು ಅವಳಿಗೆ ತಿಳಿಯಬೇಕು. ಆ ದಿನ ಹೂವು ನನ್ನದಾಗಿದ್ದರೆ ಬಲಗಡೆಯೇ ಬೀಳುತ್ತಿತ್ತು, ಬಿದ್ದದ್ದು ದೇವರದು ಎಂದು ತಿಳಿಯಬೇಕು. ನಿಜ ಹೇಳಿದರೆ ಅವಳ ಭಾರ ಇಳಿಯುತ್ತದೆ ಎಂದುಕೊಂಡ. ಇಳಿಯಬೇಕಾಗಿದ್ದದ್ದು ಅವನ ಭಾರ. ನಮ್ಮ ಭಾರ ಇಳಿಸಿಕೊಳ್ಳಲು ನಾವು ಎಷ್ಟು ಬೇಗ ದುಃಖದ ಮನೆ ಹುಡುಕುತ್ತೇವೆ ನೋಡು.

ಹೂವಾಡಗಿತ್ತಿ ಹಿತ್ತಿಲಲ್ಲಿ ಕೂತಿದ್ದಳು. ಗಿಡದ ಹೂವು ಗಿಡದಲ್ಲೇ ಬಾಡಿತ್ತು. ಪೂಜಾರಿ ಅವಳೆದುರು ನೆಲದ ಮೇಲೆ ಕೂತ. ಮೊದಲಿನಿಂದ ಎಲ್ಲ ಹೇಳಿದ. ಮುಳುಗಿದ ಮೂವರು, ನೀರು, ಗಂಧ, ವಸ್ತ್ರದ ತುದಿ, ಮೂವತ್ತು ವರ್ಷ. “ಅಷ್ಟು ವರ್ಷವೂ ಹೂವು ನನ್ನದು, ತಾಯೀ. ಇದೊಂದು ದಿನ ಮಾತ್ರ ಅವನದು” ಎಂದ.

ಅವಳು ಅವನ ಕೈಗಳನ್ನೇ ನೋಡಿದಳು. ಆಮೇಲೆ ಕೇಳಿದಳು. “ಹನ್ನೊಂದು ವರ್ಷದ ಹಿಂದೆ ನಮ್ಮ ಯಜಮಾನ್ರಿಗೆ ಹಾವು ಮುಟ್ತು. ಹೊಳೆ ತುಂಬಿತ್ತು. ದೋಣಿ ಬ್ಯಾಡ ಅಂತ ಎಡಗಡೆ ಹೂವಾತು. ಅದೂ ನೀವೇನಾ, ಅಯ್ನೋರೇ?”

ಪೂಜಾರಿಗೆ ಅದು ಮರೆತೇಹೋಗಿತ್ತು.

ನೀನು ಇದನ್ನು ಕೇಳಿಸಿಕೋ, ರೇವಣಾ. ಅವನು ದುಷ್ಟನಲ್ಲ, ದಡ್ಡನಲ್ಲ. ಆದರೂ ಅವನಿಗೆ ಮರೆತಿತ್ತು. ಹೊಳೆಯಲ್ಲಿ ಯಾರೂ ಸಾಯಲಿಲ್ಲ ಎಂಬುದೊಂದೇ ಅವನ ನೆನಪಿನಲ್ಲಿತ್ತು. ಅವನು ತಡೆದದ್ದರಿಂದ ಈಚೆ ದಡದಲ್ಲೇ ಉಳಿದು, ಮದ್ದು ಸಿಗದೆ, ವೈದ್ಯ ಸಿಗದೆ ಯಾರು ಯಾರು ಸತ್ತರೋ ಅವರ ಕಡೆ ಅವನು ಮೂವತ್ತು ವರ್ಷದಲ್ಲಿ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಅವರ ಮನೆಯವರು ದೇವರ ಇಚ್ಛೆ ಎಂದು ಕಣ್ಣೊರೆಸಿಕೊಂಡಿದ್ದರು. ಅವನೂ ಅವರ ಜೊತೆ ಹಾಗೆಯೇ ಅಂದಿದ್ದ. ತನ್ನ ಬುದ್ಧಿ ಎಷ್ಟು ಜನರನ್ನು ಉಳಿಸಿತೆಂದು ಅವನಿಗೆ ಗೊತ್ತಿರಲಿಲ್ಲ. ಎಷ್ಟು ಜನರನ್ನು ಕೊಂದಿತೆಂದೂ ಗೊತ್ತಿರಲಿಲ್ಲ. ತನಗೆ ಗೊತ್ತಿಲ್ಲ ಎಂಬುದು ಆ ಹಿತ್ತಿಲಲ್ಲಿ, ಆ ಗಳಿಗೆಯಲ್ಲಿ, ಅವನಿಗೆ ಗೊತ್ತಾಯಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು.

“ಹೌದು ತಾಯೀ, ನಾನೇ” ಎಂದ.

ಅವಳು ಅಳಲಿಲ್ಲ. ಬೈಯಲೂ ಇಲ್ಲ. ಹನ್ನೊಂದು ವರ್ಷ ಅವಳು ಗಂಡನ ಸಾವನ್ನು ದೇವರು ಹೇಳಿದ್ದೆಂದು ಹೊತ್ತಿದ್ದಳು. ಹಾಗೆಂದೇ ಪ್ರತಿದಿನ ಗುಡಿಗೆ ಹೂವು ಕೊಟ್ಟಿದ್ದಳು. ಈಗ ಅದೂ ಅವಳ ಕೈಬಿಟ್ಟಿತು. ಬಹಳ ಮೆಲ್ಲಗೆ ಅವಳು ಹೇಳಿದಳು. “ಹಂಗಾರೆ ಯಜಮಾನ್ರ ದಿನ ಹೂವು ಆ ದೇವ್ರದಾಗಬಾರದಿತ್ತಾ? ಮಗಳ ದಿನ ನಿಮ್ಮದಾಗಬಾರದಿತ್ತಾ?”

ಕರಿಬಸವಯ್ಯನವರು ಇಲ್ಲಿಗೆ ನಿಲ್ಲಿಸಿದರು. ರೇವಣಯ್ಯನ ಮುಖದ ಮೇಲಿದ್ದ ಗೆಲುವು ಯಾವಾಗಲೋ ಹೋಗಿತ್ತು. ದೇವರ ವಿಷಯದಲ್ಲಿ ಇಂಥ ಮಾತನ್ನು ಗುರುಗಳು ತಮ್ಮ ಬಾಯಿಂದ ಹೇಳುತ್ತಾರೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಮಠದ ಮೆಟ್ಟಿಲ ಮೇಲೆ ಕೂತು ಕೇಳಬಾರದ್ದನ್ನು ಕೇಳಿದಂತಾಗಿ, ಒಳಗೆ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿದ.

“ಪೂಜಾರಿ ಏನು ಉತ್ತರ ಕೊಟ್ಟ?” ಎಂದು ಕೇಳಿದ.

“ಕೊಡಲಿಲ್ಲ. ಅವನ ಬಳಿ ಇರಲಿಲ್ಲ. ಹತ್ತು ಉತ್ತರ ಗೊತ್ತಿದ್ದವನು. ಅಲ್ಲೇ ಕೂತಿದ್ದ. ಅವಳು ಎದ್ದು ಒಳಗೆ ಹೋದಳು. ಕತ್ತಲಾಗುವ ಮೊದಲು ಅವನೂ ಎದ್ದುಹೋದ. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಮುಗಿಯಲು ಊರಿನವರು ಬಿಡಬೇಕಲ್ಲ” ಎಂದರು ಗುರುಗಳು.

ಗುಡ್ಡದ ಕಡೆ ಮತ್ತೆ ಮಳೆ ಹಿಡಿಯಿತು. ಹೊಳೆ ಏರತೊಡಗಿತು. ಒಬ್ಬ ಕುಂಬಾರನ ಹೆಂಡತಿಗೆ ವಾಂತಿಭೇದಿ ಶುರುವಾಗಿ ಬೆಳಗಾಗುವುದರೊಳಗೆ ಕಣ್ಣು ಗುಳಿಬಿದ್ದಿತ್ತು. ಆಚೆ ದಡದ ವೈದ್ಯನ ಬಳಿಗೆ ಒಯ್ಯಬೇಕು. ಕುಂಬಾರ ಅವಳನ್ನು ಕಂಬಳಿಯಲ್ಲಿ ಹೊತ್ತು ತಂದು ಗುಡಿಯ ಮುಂದೆ ಮಲಗಿಸಿದ. ಅಂಬಿಗ ಹುಟ್ಟು ಹಿಡಿದು ನಿಂತ. ಊರೆಲ್ಲ ನೆರೆಯಿತು. ಹಿಂದಿನ ಸಲ ಏನಾಯಿತೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಕೇಳಬೇಕಲ್ಲ. ಕೇಳದೆ ಬದುಕುವುದು ಆ ಊರಿಗೆ ಗೊತ್ತಿರಲಿಲ್ಲ.

ಪೂಜಾರಿ ಹೊಳೆ ನೋಡಿಬಂದಿದ್ದ. ಆ ದಿನದ ನೀರು ಹೋಗಿ ಎನ್ನುವಂಥದ್ದಲ್ಲ, ಬೇಡ ಎನ್ನುವಂಥದ್ದೂ ಅಲ್ಲ. ಅವನು ಗರ್ಭಗುಡಿಗೆ ಹೋದ. ಎರಡು ಹೂವು ಕೈಗೆ ತೆಗೆದುಕೊಂಡ. ವಿಗ್ರಹದ ಮುಂದೆ ನಿಂತ. ತಾನೇ ಇಡೋಣವೆಂದರೆ ತನ್ನ ಬುದ್ಧಿ ಏನು ಮಾಡಿತೆಂದು ನೋಡಿದ್ದ. ದೇವರಿಗೇ ಬಿಡೋಣವೆಂದರೆ ಅದನ್ನೂ ನೋಡಿದ್ದ. ಕೈ ಮೇಲೇಳಲಿಲ್ಲ. ಅಭಿಷೇಕದ ನೀರು ಭುಜದಿಂದ ಇಳಿದು ಒಣಗಿತು. ಹೊರಗೆ ಕುಂಬಾರನ ಹೆಂಡತಿ ನರಳುವುದು ಒಳಗೆ ಕೇಳುತ್ತಿತ್ತು.

ಅವನು ಎರಡೂ ಹೂವು ಕೈಯಲ್ಲಿ ಹಿಡಿದೇ ಹೊರಗೆ ಬಂದ. “ನನಗೆ ಗೊತ್ತಿಲ್ಲ” ಎಂದ.

ಜನ ದಂಗುಬಡಿದು ನಿಂತರು. ಬಲ ಎನ್ನಬಹುದು, ಎಡ ಎನ್ನಬಹುದು. ಗೊತ್ತಿಲ್ಲ ಎಂಬ ಮಾತು ಆ ಹೊಸ್ತಿಲಿನಿಂದ ಹೊರಗೆ ಬಂದದ್ದೇ ಇಲ್ಲ. ಯಾರೋ ಕೂಗಿದರು. “ಇಷ್ಟು ವರ್ಷ ಗೊತ್ತಿತ್ತಲ್ಲ, ಅಯ್ನೋರೇ!”

“ಇಷ್ಟು ವರ್ಷವೂ ಗೊತ್ತಿರಲಿಲ್ಲ” ಎಂದ ಪೂಜಾರಿ. “ಎಡಗಡೆ ಬಿದ್ದರೂ ಬಲಗಡೆ ಬಿದ್ದರೂ ಬೀಳಿಸಿದವನು ನಾನು. ಅದನ್ನೆಲ್ಲ ಆಮೇಲೆ ಹೇಳುತ್ತೇನೆ. ಆಮೇಲೆ ಹೊಡೆಯುವವರು ಹೊಡೆಯಿರಿ.”

ಕುಂಬಾರನಿಗೆ ಇದಾವುದೂ ಕಿವಿಗೆ ಬೀಳಲಿಲ್ಲ. ಅವನು ಪೂಜಾರಿಯ ಕಾಲು ಹಿಡಿದ. “ಹೋಗ್ಲಾ ಬ್ಯಾಡ್ವಾ? ಅದೊಂದು ಹೇಳ್ರೀ” ಎಂದ.

“ನೀನು ಹೋಗುವುದಾದರೆ ನಾನೂ ಬರುತ್ತೇನೆ” ಎಂದ ಪೂಜಾರಿ.

ಅವನಿಗೆ ಈಜು ಬರುತ್ತಿರಲಿಲ್ಲ. ಮೂವತ್ತು ವರ್ಷ ಊರವರನ್ನು ಹೊಳೆ ದಾಟಿಸಿದವನು ತಾನು ಮಳೆಗಾಲದಲ್ಲಿ ಒಮ್ಮೆಯೂ ದೋಣಿ ಹತ್ತಿದವನಲ್ಲ. ಪಂಚೆ ಎತ್ತಿಕಟ್ಟಿ ಮೆಟ್ಟಿಲಿಳಿದ. ಕುಂಬಾರನ ಜೊತೆ ಕಂಬಳಿಯ ಒಂದು ತುದಿ ಹಿಡಿದು ಹೆಂಗಸನ್ನು ದೋಣಿಯಲ್ಲಿ ಮಲಗಿಸಿದ. ತಾನೂ ಕೂತ. ಮಡಿ ಮೈಲಿಗೆ ಏನೂ ನೋಡದೆ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಅವಳು ವಾಂತಿ ಮಾಡಿದಾಗ ತನ್ನ ಮೇಲುವಸ್ತ್ರದಲ್ಲಿ ಒರೆಸಿದ. ಅಂಬಿಗ ಒಮ್ಮೆ ಗುಡಿಯ ಕಡೆ ನೋಡಿದ, ಒಮ್ಮೆ ಪೂಜಾರಿಯ ಕಡೆ ನೋಡಿದ. ಆಮೇಲೆ ದೋಣಿಯನ್ನು ನೀರಿಗೆ ನೂಕಿದ.

ಗುರುಗಳು ಚೊಂಬು ಎತ್ತಿಕೊಂಡು ಉಳಿದ ನೀರನ್ನು ಕಾಲಿಗೆ ಸುರಿದುಕೊಂಡರು.

ರೇವಣಯ್ಯ ಕಾದ.

“ದೋಣಿ ದಾಟಿತೇ, ಗುರುಗಳೇ?”

“ಕತೆ ಮುಗಿಯಿತು.”

“ಅದು ಹೇಗೆ ಮುಗಿಯುತ್ತದೆ? ದೋಣಿ ದಾಟಿತೋ ಮುಳುಗಿತೋ ತಿಳಿಯದಿದ್ದರೆ ಪೂಜಾರಿ ಮಾಡಿದ್ದು ಸರಿಯೋ ತಪ್ಪೋ ಹೇಗೆ ಹೇಳುವುದು? ಎಡಭುಜದ ಹೂವು ಬೀಳಿಸಿದವನು ದೇವರೋ ಅಲ್ಲವೋ, ಅದಾದರೂ ತಿಳಿಯಬೇಡವೇ? ಶಾಸ್ತ್ರದಲ್ಲಿ ಇದಕ್ಕೆ ಎಲ್ಲಾದರೂ ಆಧಾರ ಇರಲೇಬೇಕು. ಇದೊಂದು ತಿಳಿಸಿಬಿಡಿ. ಸಂಜೆ ತಿಪ್ಪಣ್ಣ ಬಾಗಿಲಲ್ಲಿ ಕಾಯುತ್ತಿರುತ್ತಾನೆ. ಅವನಿಗೆ ನಾನು ಏನೆಂದು ಹೇಳಲಿ?”

ಗುರುಗಳು ಎದ್ದುನಿಂತರು. ಮಠದ ಒಳಗೆ ಹೋಗಲಿಲ್ಲ. ದಣಿದು ಬಂದ ಕಾಲುಗಳನ್ನು ಮತ್ತೆ ಊರಿನ ಕಡೆಗೇ ತಿರುಗಿಸಿ, ಶಿಷ್ಯನ ಮುಖ ನೋಡಿದರು.

“ಸಾವಾಗಿ ಒಲೆ ಹೊತ್ತದ ಆ ಮನೆಯಲ್ಲಿ ಅಷ್ಟು ಹೊತ್ತು ಕೂತಿದ್ದೆಯಲ್ಲ ರೇವಣಾ, ಊಟ ಆಯಿತೇ ಎಂದು ಒಬ್ಬರನ್ನಾದರೂ ಕೇಳಿದೆಯಾ?”